ಖಾಲಿ ಕೋಷ್ಟಕದಿಂದ ಹಿಂದಕ್ಕೆ: ಒಂದು ವಿದ್ಯಾರ್ಥಿ ಸಂಶೋಧನಾ ಯೋಜನೆಯ ಪ್ರಕರಣ ಅಧ್ಯಯನ

ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಯ ಕೊನೆಯ ಸೆಮಿಸ್ಟರಿನಲ್ಲಿ ಹದಿನಾರು ವಾರಗಳೊಳಗೆ ಮುಗಿಸಬೇಕಾದ ಒಂದು ಕಿರುಪ್ರಬಂಧ, ಅದನ್ನು ಒಬ್ಬಳೇ ನಿಭಾಯಿಸಬೇಕಾದ ವಿದ್ಯಾರ್ಥಿನಿ, ಮಾರ್ಗದರ್ಶಕಿಯಾಗಿ ನಾನು: ಈ ಪ್ರಕರಣದಲ್ಲಿ ಇರುವವರು ಇಷ್ಟೇ. ಸಂಶೋಧನೆಯ ಫಲಿತಾಂಶ ಇಲ್ಲಿನ ವಿಷಯವಲ್ಲ. ಕ್ಷೇತ್ರಕ್ಕೆ ಇಳಿಯುವ ಮೊದಲಿನ ಐದು ವಾರಗಳಲ್ಲಿ ಯೋಜನೆ ಹೇಗೆ ಬದಲಾಯಿತು, ಯಾವ ಕಾರಣಕ್ಕೆ ಬದಲಾಯಿತು ಎಂಬುದನ್ನಷ್ಟೇ ದಾಖಲಿಸಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟಿದ್ದೇನೆ, ಸಂಖ್ಯೆಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಾಗಿಸಿದ್ದೇನೆ.

ಮೊದಲ ವಾರ ಆಕೆ ತಂದ ಒಂದು ಪುಟದ ಪ್ರಸ್ತಾವನೆಯ ಶೀರ್ಷಿಕೆ ‘ಮೊದಲ ತಲೆಮಾರಿನ ವಿದ್ಯಾರ್ಥಿಗಳ ಶೈಕ್ಷಣಿಕ ಸಮಸ್ಯೆಗಳು: ಒಂದು ಅಧ್ಯಯನ’ ಎಂದಿತ್ತು. ಸ್ಥೂಲವಾಗಿ ಹೇಳುವುದಾದರೆ, ಮನೆಯಲ್ಲಿ ಮೊದಲಿಗೆ ಕಾಲೇಜು ಸೇರಿದವರು ಇವರು. ಅದರಲ್ಲಿ ಆರು ಉದ್ದೇಶಗಳಿದ್ದವು, ಆರೂ ‘ಅಧ್ಯಯನ ಮಾಡುವುದು’ ಎಂದೇ ಮುಗಿಯುತ್ತಿದ್ದವು. ಮಾದರಿಗೆ ನೂರು ಮಂದಿ ಮೊದಲ ತಲೆಮಾರಿನ ವಿದ್ಯಾರ್ಥಿಗಳು, ನಲವತ್ತೆಂಟು ಪ್ರಶ್ನೆಗಳ ಪ್ರಶ್ನಾವಳಿ, ಜೊತೆಗೆ ಇಪ್ಪತ್ತೈದು ಸಂದರ್ಶನಗಳು ಎಂದು ಬರೆದಿದ್ದಳು. ‘ಮೊದಲ ತಲೆಮಾರಿನ ವಿದ್ಯಾರ್ಥಿಗಳು ಅನೇಕ ಸಮಸ್ಯೆಗಳನ್ನು ಎದುರಿಸುತ್ತಾರೆ’ ಎಂಬುದು ಪ್ರಾಕ್ಕಲ್ಪನೆ, ಅಂದರೆ ಅಧ್ಯಯನ ಪರೀಕ್ಷಿಸಿ ನೋಡಬೇಕಾದ ಊಹೆ. ಇದು ಸೋಮಾರಿತನದಿಂದ ಹುಟ್ಟಿದ ಪ್ರಸ್ತಾವನೆಯಲ್ಲ. ಹಿಂದಿನ ವರ್ಷಗಳ ಪ್ರಬಂಧಗಳನ್ನು ಶ್ರದ್ಧೆಯಿಂದ ಓದಿ, ಅವುಗಳ ಅಚ್ಚಿನಲ್ಲೇ ಎರಕ ಹೊಯ್ದದ್ದು. ಆದರೆ ಆ ಪ್ರಾಕ್ಕಲ್ಪನೆ ಸುಳ್ಳಾಗುವ ದಾರಿಯೇ ಇರಲಿಲ್ಲ, ಏಕೆಂದರೆ ಸಮಸ್ಯೆಗಳಿಲ್ಲದ ವಿದ್ಯಾರ್ಥಿ ಎಲ್ಲಿಯೂ ಇಲ್ಲ. ಸುಳ್ಳಾಗಲು ಸಾಧ್ಯವಿಲ್ಲದ ಮಾತನ್ನು ಪರೀಕ್ಷಿಸಲು ಹದಿನಾರು ವಾರ ಬೇಕಿಲ್ಲ ಎಂದು ನಾನು ಹೇಳಿದ್ದು ಆಕೆಗೆ ಸ್ವಲ್ಪ ಕಟುವಾಗಿಯೇ ಕೇಳಿಸಿರಬೇಕು.

ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದಾಗ ಮೊದಲು ಸಿಕ್ಕಿದ್ದು ಪುಸ್ತಕದ ಉತ್ತರ. ಕಣ್ಣಾರೆ ಕಂಡದ್ದೇನು ಎಂದು ಮತ್ತೆ ಕೇಳಿದ ಮೇಲೆ ನಿಜವಾದ ಉತ್ತರ ಬಂತು. “ಮೇಡಂ, ಪದವಿಯ ಮೂರು ವರ್ಷದಲ್ಲಿ ನಾನು ಒಮ್ಮೆಯೂ ಅಧ್ಯಾಪಕರ ಕೊಠಡಿಯ ಬಾಗಿಲು ತಟ್ಟಿಲ್ಲ. ಗೊತ್ತಾಗದೆ ಇದ್ದದ್ದು ಬೇಕಾದಷ್ಟಿತ್ತು. ಕೆಲವರು ಮಾತ್ರ ಪಾಠ ಮುಗಿದ ತಕ್ಷಣ ಮೇಜಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು.” ಪ್ರಸ್ತಾವನೆಯ ಆರು ಉದ್ದೇಶಗಳಲ್ಲಿ ಎಲ್ಲಿಯೂ ಇಲ್ಲದ ಒಂದು ಪ್ರಶ್ನೆ ಈ ಮೂರು ವಾಕ್ಯಗಳಲ್ಲಿತ್ತು. ಪಾಠ ಅರ್ಥವಾಗದಿದ್ದಾಗ ಯಾರು ಅಧ್ಯಾಪಕರ ಬಳಿ ಹೋಗುತ್ತಾರೆ, ಯಾರು ಹೋಗುವುದಿಲ್ಲ, ಆ ವ್ಯತ್ಯಾಸಕ್ಕೂ ತಂದೆತಾಯಿಯರ ಕಾಲೇಜು ಶಿಕ್ಷಣಕ್ಕೂ ಸಂಬಂಧವಿದೆಯೇ?

ಇದಕ್ಕೆ ಸಿದ್ಧಾಂತದ ಆಸರೆ ಹುಡುಕುವುದು ಕಷ್ಟವಾಗಲಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು ಅವರ ‘ಸಾಂಸ್ಕೃತಿಕ ಬಂಡವಾಳ’ದ ಪರಿಕಲ್ಪನೆ ಇಂಥ ಕಡೆ ನೇರವಾಗಿ ಒದಗುತ್ತದೆ. ಶಾಲೆ ಕಾಲೇಜುಗಳು ಬಾಯಿಬಿಟ್ಟು ಕಲಿಸದ, ಆದರೆ ಎಲ್ಲರಿಗೂ ಗೊತ್ತಿರುತ್ತದೆ ಎಂದು ಭಾವಿಸುವ ನಡವಳಿಕೆಗಳು ಕೆಲವರಿಗೆ ಮನೆಯಲ್ಲೇ ದಕ್ಕಿರುತ್ತವೆ. ಮಧ್ಯಮ ವರ್ಗದ ತಂದೆತಾಯಿಯರು ವೈದ್ಯರನ್ನೂ ಶಿಕ್ಷಕರನ್ನೂ ಅಳುಕಿಲ್ಲದೆ ಪ್ರಶ್ನಿಸುವುದನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ರೂಢಿಮಾಡಿಸುತ್ತಾರೆ ಎಂಬುದನ್ನು ಅಮೆರಿಕದ ಆನೆಟ್ ಲರೋ 2003ರಲ್ಲಿ ಪ್ರಕಟವಾದ ತಮ್ಮ ಕುಟುಂಬಾಧ್ಯಯನದಲ್ಲಿ ತೋರಿಸಿದ್ದಾರೆ. ಹೀಗಾಗಿ ವಿದ್ಯಾರ್ಥಿನಿಯ ಸ್ವಂತ ಅನುಭವ ಒಂದು ಗಂಭೀರ ಚರ್ಚೆಯ ಎಳೆಗೆ ಕೂಡಿಕೊಂಡಿತು. ಆದರೆ ಅದೇ ಅನುಭವ ಅಪಾಯವೂ ಆಗಬಹುದಿತ್ತು, ಏಕೆಂದರೆ ಉತ್ತರ ಏನಿರಬೇಕೆಂದು ಆಕೆಗೆ ಆಗಲೇ ‘ಗೊತ್ತಿತ್ತು’.

ಎರಡನೇ ವಾರ ಪ್ರಶ್ನಾವಳಿಯನ್ನು ತಿದ್ದಿ ತರುತ್ತೇನೆ ಎಂದಳು. ನಾನು ಬೇಡವೆಂದೆ. ಪ್ರಶ್ನಾವಳಿಯ ಬದಲು ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಬರಲಿರುವ ಕೋಷ್ಟಕಗಳನ್ನು ಈಗಲೇ ಬರೆದು ತರಲು ಹೇಳಿದೆ. ಅಂಕಿಗಳು ಇರಬಾರದು, ಅಡ್ಡಸಾಲು, ಕಂಬಸಾಲು, ಶೀರ್ಷಿಕೆಗಳು ಮಾತ್ರ ಇರಬೇಕು. ಯಾವ ಕೋಷ್ಟಕ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬ ಒಂದು ವಾಕ್ಯವನ್ನು ಪ್ರತಿಯೊಂದರ ಕೆಳಗೂ ಬರೆಯಬೇಕು. ಯೋಜನೆಯ ಹಂತದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಅಭ್ಯಾಸ ನನಗೆ ತಿಳಿದಿಲ್ಲ. ಆದರೂ ಬಹುತೇಕ ವಿದ್ಯಾರ್ಥಿಗಳು ದತ್ತಾಂಶ ಕೈಗೆ ಬಂದ ಮೇಲೆಯೇ ಕೋಷ್ಟಕದ ಯೋಚನೆಗೆ ಕೂರುತ್ತಾರೆ.

ಆಕೆ ತಂದ ಮೊದಲ ಖಾಲಿ ಕೋಷ್ಟಕದಲ್ಲಿ ಅಡ್ಡಸಾಲುಗಳು ಮೂರಿದ್ದವು: ‘ಒಮ್ಮೆಯೂ ಹೋಗಿಲ್ಲ’, ‘ಒಂದೆರಡು ಬಾರಿ’, ‘ಮೂರು ಅಥವಾ ಹೆಚ್ಚು ಬಾರಿ’. ಕಂಬಸಾಲು ಒಂದೇ ಇತ್ತು, ‘ಮೊದಲ ತಲೆಮಾರಿನ ವಿದ್ಯಾರ್ಥಿಗಳು’ ಎಂದು. ಪಕ್ಕದಲ್ಲಿ ಏನೂ ಇರಲಿಲ್ಲ. ಆ ಕಂಬಸಾಲಿನಲ್ಲಿ ‘ಶೇಕಡಾ 60 ಮಂದಿ ಒಮ್ಮೆಯೂ ಹೋಗಿಲ್ಲ’ ಎಂದು ಬಂತೆಂದುಕೊಳ್ಳೋಣ, ಅದರಿಂದ ಏನು ತಿಳಿಯುತ್ತದೆ ಎಂದು ಕೇಳಿದೆ. ಕೆಲ ಹೊತ್ತು ಸುಮ್ಮನಿದ್ದು, “ಉಳಿದವರಲ್ಲೂ ಅಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ” ಎಂದಳು. ನೂರು ಮಂದಿ ಮೊದಲ ತಲೆಮಾರಿನವರನ್ನಷ್ಟೇ ಕೇಳುವ ಮೂಲ ಯೋಜನೆ ಅಲ್ಲಿಗೆ ಮುಗಿಯಿತು. ಹೋಲಿಕೆಯ ಗುಂಪು ಇಲ್ಲದಿರುವುದು ನಲವತ್ತೆಂಟು ಪ್ರಶ್ನೆಗಳ ನಡುವೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ, ಖಾಲಿ ಕೋಷ್ಟಕದಲ್ಲಿ ಅದು ಖಾಲಿ ಜಾಗವಾಗಿಯೇ ಎದ್ದು ಕಂಡಿತು.

ಎರಡನೇ ಕಂಬಸಾಲು ಬಂದ ಕೂಡಲೇ ಅದರ ತಲೆಬರಹದ ಅರ್ಥವೇನು ಎಂಬ ಪ್ರಶ್ನೆ ಹುಟ್ಟಿತು. ‘ಮೊದಲ ತಲೆಮಾರಿನ ವಿದ್ಯಾರ್ಥಿ’ ಎಂದರೆ ಯಾರು? ತಂದೆತಾಯಿಯರಲ್ಲಿ ಯಾರೊಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದವರೇ, ಕಾಲೇಜು ಸೇರಿದರೂ ಪದವಿ ಮುಗಿಸದವರ ಮಕ್ಕಳೂ ಸೇರುತ್ತಾರೆಯೇ? ಅಕ್ಕನೋ ಅಣ್ಣನೋ ಆಗಲೇ ಪದವಿ ಪಡೆದಿದ್ದರೆ ಮನೆಯಲ್ಲಿ ದಾರಿ ತೋರುವವರು ಇದ್ದಂತಾಗಲಿಲ್ಲವೇ? ಪ್ರಕಟಿತ ಅಧ್ಯಯನಗಳಲ್ಲಿ ಈ ವ್ಯಾಖ್ಯಾನ ಒಂದೇ ತೆರನಾಗಿಲ್ಲ. ಯಾವುದನ್ನು ಹಿಡಿಯುತ್ತೇವೆ ಎಂಬುದರ ಮೇಲೆ ಗುಂಪಿನ ಗಾತ್ರವೂ ಫಲಿತಾಂಶವೂ ಬದಲಾಗುತ್ತವೆ. ವಿದ್ಯಾರ್ಥಿನಿಗೆ ಒಂದನ್ನು ಆರಿಸಿ ಮುಂದೆ ಹೋಗುವ ಆತುರವಿತ್ತು. ಕೊನೆಗೆ ನಿರ್ಧಾರವಾದದ್ದು ಹೀಗೆ: ಪ್ರಶ್ನಾವಳಿಯಲ್ಲಿ ‘ನೀವು ಮೊದಲ ತಲೆಮಾರಿನವರೇ?’ ಎಂದು ಕೇಳಬಾರದು, ತಾಯಿಯ ಶಿಕ್ಷಣ, ತಂದೆಯ ಶಿಕ್ಷಣ, ಒಡಹುಟ್ಟಿದವರ ಕಾಲೇಜು ಶಿಕ್ಷಣ ಇವನ್ನು ಬೇರೆಬೇರೆಯಾಗಿ ಕೇಳಬೇಕು, ವಿಂಗಡಣೆಯನ್ನು ಸಂಶೋಧಕಿ ತಾನೇ ಮಾಡಬೇಕು. ತಂದೆತಾಯಿ ಇಬ್ಬರೂ ಕಾಲೇಜು ಸೇರಿಲ್ಲದವರು ಎಂಬುದು ಮುಖ್ಯ ವ್ಯಾಖ್ಯಾನ. ಒಡಹುಟ್ಟಿದವರ ಮಾಹಿತಿಯನ್ನು ಬಳಸಿ ಅದೇ ಕೋಷ್ಟಕವನ್ನು ಇನ್ನೊಮ್ಮೆ ಬರೆದು, ಫಲಿತಾಂಶ ನಿಲ್ಲುತ್ತದೆಯೇ ಎಂದು ನೋಡುವುದು. ಉತ್ತರಿಸುವವರಿಗೆ ಹಣೆಪಟ್ಟಿ ಹಚ್ಚದೆ ಮಾಹಿತಿ ಪಡೆಯುವ ಅನುಕೂಲವೂ ಇದರಲ್ಲಿತ್ತು.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಅಡ್ಡಸಾಲುಗಳಲ್ಲಿತ್ತು. ಸಂದೇಹವೇ ಬಾರದವರು ಅಧ್ಯಾಪಕರ ಬಳಿ ಏಕೆ ಹೋಗಬೇಕು? ‘ಒಮ್ಮೆಯೂ ಹೋಗಿಲ್ಲ’ ಎಂಬ ಸಾಲಿನಲ್ಲಿ ಹಿಂಜರಿಕೆಯಿಂದ ಹೋಗದವರೂ ಅಗತ್ಯವಿಲ್ಲದೆ ಹೋಗದವರೂ ಒಟ್ಟಿಗೆ ಕೂತಿರುತ್ತಾರೆ. ಹಾಗಾಗಿ ಮೊದಲು ‘ಕಳೆದ ಎರಡು ವಾರಗಳಲ್ಲಿ ತರಗತಿಯ ಪಾಠದಲ್ಲಿ ನಿಮಗೆ ಅರ್ಥವಾಗದೆ ಉಳಿದ ಭಾಗ ಇತ್ತೇ?’ ಎಂದು ಕೇಳಿ, ಇತ್ತು ಎಂದವರನ್ನು ಮಾತ್ರ ಮುಂದೆ ‘ಅದಕ್ಕಾಗಿ ಏನು ಮಾಡಿದಿರಿ?’ ಎಂದು ಕೇಳುವುದಾಯಿತು. ಉತ್ತರಗಳಲ್ಲಿ ಅಧ್ಯಾಪಕರು, ಸಹಪಾಠಿಗಳು, ಮನೆಯವರು, ಅಂತರ್ಜಾಲ, ‘ಏನೂ ಮಾಡಲಿಲ್ಲ’ ಇವೆಲ್ಲ ಇದ್ದವು. ಸಂದೇಹ ಪರಿಹರಿಸಿಕೊಳ್ಳುವ ಬೇರೆ ದಾರಿಗಳು ಇರುವವರನ್ನು ‘ಹಿಂಜರಿಯುವವರು’ ಎಂದು ಕರೆಯುವ ತಪ್ಪು ಇದರಿಂದ ತಪ್ಪಿತು. ಆಕೆ ಮೊದಲು ಯೋಚಿಸಿದಂತೆ ‘ಅಧ್ಯಾಪಕರನ್ನು ಪ್ರಶ್ನೆ ಕೇಳಲು ನನಗೆ ಹಿಂಜರಿಕೆಯಿಲ್ಲ’ ಎಂಬ ಹೇಳಿಕೆಗೆ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಆಯ್ಕೆಗಳ ಅಳತೆಗೋಲು ಸಾಲುತ್ತಿತ್ತು. ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಈ ಕ್ರಮ ಮನೋಭಾವವನ್ನು ಅಳೆಯಲು ಉಪಯುಕ್ತವೇ. ಆದರೆ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಸಮಾಜ ಸಂಶೋಧನೆಯ ಹಳೆಯ ಪಾಠ. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಚೀನೀ ದಂಪತಿಯೊಂದಿಗೆ ಅಮೆರಿಕದಲ್ಲಿ ಪ್ರಯಾಣಿಸಿ 250ರಷ್ಟು ಹೋಟೆಲು, ವಸತಿಗೃಹಗಳಿಗೆ ಹೋದಾಗ ಒಂದೇ ಕಡೆ ಪ್ರವೇಶ ನಿರಾಕರಿಸಲಾಯಿತು. ಆಮೇಲೆ ಅವೇ ಸ್ಥಳಗಳಿಗೆ ಪತ್ರ ಬರೆದು ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಾಗ, ಉತ್ತರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಇಲ್ಲವೆಂದರು. 1934ರಲ್ಲಿ ಪ್ರಕಟವಾದ ಆ ಬರಹದ ವಿಧಾನದ ಮೇಲೆ ಆಕ್ಷೇಪಗಳಿವೆ, ಆದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಯೋಜನೆಯಲ್ಲಿ ಮನೋಭಾವದ ಹೇಳಿಕೆಗಳು ನಾಲ್ಕಕ್ಕೆ ಇಳಿದವು, ನಡೆದದ್ದನ್ನು ಕೇಳುವ ಪ್ರಶ್ನೆಗಳು ಮುಂದೆ ಬಂದವು. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿದಾಗ ನಲವತ್ತೆಂಟರಲ್ಲಿ ಹತ್ತೊಂಬತ್ತು ಉಳಿದವು. ಕುಟುಂಬದ ಆದಾಯದ ಪ್ರಶ್ನೆಯೂ ಹೋಯಿತು. ಅದನ್ನು ಬಿಡಲು ಆಕೆಗೆ ಮನಸ್ಸಿರಲಿಲ್ಲ, ನನಗೂ ಆ ಬಗ್ಗೆ ಪೂರ್ತಿ ನಿಶ್ಚಯವಿರಲಿಲ್ಲ. ವಿದ್ಯಾರ್ಥಿಗಳು ಮನೆಯ ಆದಾಯವನ್ನು ಸರಿಯಾಗಿ ಹೇಳಲಾರರು ಎಂಬ ಕಾರಣಕ್ಕೆ ಕೈಬಿಟ್ಟೆವು.

ಒಂದು ಪ್ರಶ್ನೆ ಮಾತ್ರ ಈ ಹಂತದಲ್ಲಿ ಹೊಸದಾಗಿ ಸೇರಿತು. ಶಾಲೆಯಲ್ಲಿ ಕಲಿತ ಭಾಷೆಯೂ ಕಾಲೇಜಿನಲ್ಲಿ ಪಾಠ ನಡೆಯುವ ಭಾಷೆಯೂ ಬೇರೆಯಾಗಿದ್ದರೆ, ಅಧ್ಯಾಪಕರ ಮುಂದೆ ಮಾತನಾಡಲು ಅಳುಕು ಹುಟ್ಟುವುದು ಸಹಜ. ಮೊದಲ ತಲೆಮಾರಿನವರಲ್ಲಿ ಹೀಗೆ ಭಾಷೆ ಬದಲಾದವರೇ ಹೆಚ್ಚಿದ್ದರೆ, ತಂದೆತಾಯಿಯರ ಶಿಕ್ಷಣದ ಲೆಕ್ಕಕ್ಕೆ ನಾವು ಹಚ್ಚುವ ವ್ಯತ್ಯಾಸ ನಿಜವಾಗಿ ಭಾಷೆಯದ್ದಾಗಿರಬಹುದು. ಈ ಮೂರನೇ ಚರಾಂಶಕ್ಕಾಗಿ ಇನ್ನೊಂದು ಖಾಲಿ ಕೋಷ್ಟಕ ಬೇಕಾಯಿತು, ಅದರಲ್ಲಿ ಎರಡು ಕಂಬಸಾಲುಗಳು ನಾಲ್ಕಾದವು.

ಕೋಷ್ಟಕದ ಮನೆಗಳು (ಅಡ್ಡಸಾಲೂ ಕಂಬಸಾಲೂ ಕೂಡುವ ಚೌಕಗಳು) ಹೆಚ್ಚಿದಷ್ಟೂ ಪ್ರತಿ ಮನೆಯಲ್ಲಿ ಬೀಳುವ ಜನ ಕಡಿಮೆಯಾಗುತ್ತಾರೆ. ಮಾದರಿಯ ಗಾತ್ರದ ಮಾತು ಬಂದದ್ದು ಇಲ್ಲಿಂದ. ಪದವಿ ವಿಭಾಗದಲ್ಲಿ ಸುಮಾರು 1,200 ವಿದ್ಯಾರ್ಥಿಗಳು, ತಲಾ 50ರಂತೆ 24 ತರಗತಿಗಳಲ್ಲಿದ್ದರು. ಶೇಕಡಾ 95ರ ವಿಶ್ವಾಸ ಮಟ್ಟ, ಶೇಕಡಾ 5ರ ದೋಷಮಿತಿ (ಅಂದರೆ ನೂರರಲ್ಲಿ 95 ಬಾರಿ ಅಂದಾಜು ನಿಜವಾದ ಅಂಕಿಯಿಂದ ಶೇಕಡಾ 5ರೊಳಗೇ ಇರುವಂತೆ) ಎಂಬ ಪರಿಚಿತ ಸೂತ್ರದಿಂದ ಮೊದಲು 384 ಬರುತ್ತದೆ, 1,200ರ ಸೀಮಿತ ಸಮಗ್ರಕ್ಕೆ, ಅಂದರೆ ಅಧ್ಯಯನಕ್ಕೆ ಒಳಪಡುವ ಎಲ್ಲರ ಒಟ್ಟು ಸಂಖ್ಯೆಗೆ, ಹೊಂದಿಸಿದರೆ 291ರ ಹತ್ತಿರಕ್ಕೆ ಇಳಿಯುತ್ತದೆ. ವಿದ್ಯಾರ್ಥಿನಿ ಈ ಅಂಕಿಯನ್ನು ಸರಿಯಾಗಿಯೇ ಲೆಕ್ಕಹಾಕಿ ತಂದಿದ್ದಳು. ಆದರೆ ಆ ಸೂತ್ರ ಉತ್ತರಿಸುವುದು ‘ಇಡೀ ಕಾಲೇಜಿನಲ್ಲಿ ಶೇಕಡಾ ಎಷ್ಟು’ ಎಂಬ ಪ್ರಶ್ನೆಗೆ. ನಮ್ಮ ಕೋಷ್ಟಕದ ಪ್ರಶ್ನೆ ಎರಡು ಗುಂಪುಗಳ ನಡುವಿನ ಅಂತರದ್ದು. ಒಂದು ಗುಂಪಿನಲ್ಲಿ ಶೇಕಡಾ 50, ಇನ್ನೊಂದರಲ್ಲಿ ಶೇಕಡಾ 30 ಎಂಬಷ್ಟು ದೊಡ್ಡ ಅಂತರ ನಿಜಕ್ಕೂ ಇದ್ದರೆ, ಅದನ್ನು ಐದರಲ್ಲಿ ನಾಲ್ಕು ಬಾರಿಯಾದರೂ ಹಿಡಿಯಲು ಪ್ರತಿ ಗುಂಪಿನಲ್ಲಿ 90ರಿಂದ 95 ಮಂದಿ ಬೇಕು. ಅಂತರ 50 ಮತ್ತು 35ರಷ್ಟು ಕಿರಿದಾದರೆ ಪ್ರತಿ ಗುಂಪಿಗೆ ಸುಮಾರು 170 ಮಂದಿ ಬೇಕಾಗುತ್ತದೆ. ಈ ಎರಡು ಸಾಲುಗಳನ್ನು ಯೋಜನೆಯಲ್ಲೇ ಬರೆಸಿದೆ. ಸಣ್ಣ ಅಂತರ ಕಾಣದೇ ಹೋದರೆ ‘ವ್ಯತ್ಯಾಸವಿಲ್ಲ’ ಎಂದು ಘೋಷಿಸುವ ಹಕ್ಕು ಈ ಅಧ್ಯಯನಕ್ಕೆ ಇರುವುದಿಲ್ಲ ಎಂಬುದು ಮೊದಲೇ ತಿಳಿದಿರಬೇಕಲ್ಲವೇ?

ಆ ಜನರನ್ನು ಹೇಗೆ ಆರಿಸುವುದು? ಗೂಗಲ್ ಫಾರ್ಮ್ ಸಿದ್ಧಪಡಿಸಿ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿಬಿಟ್ಟರೆ ಒಂದೇ ದಿನದಲ್ಲಿ ಮುನ್ನೂರು ಉತ್ತರ ಬರುತ್ತವೆ ಎಂಬುದು ಆಕೆಯ ಲೆಕ್ಕಾಚಾರ. ಬರುತ್ತಿದ್ದವು ಎಂಬುದರಲ್ಲಿ ನನಗೂ ಸಂಶಯವಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮತಪತ್ರ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಹೇಳಿತ್ತು. ಗೆದ್ದದ್ದು ರೂಸ್‌ವೆಲ್ಟ್, ಅದೂ ಭಾರೀ ಅಂತರದಿಂದ. ಹೆಸರುಗಳನ್ನು ಆಯ್ದ ಪಟ್ಟಿಯಲ್ಲೂ ಉತ್ತರ ಕಳಿಸಿದವರಲ್ಲೂ ಎರಡು ಕಡೆ ವಾಲಿಕೆಯಿತ್ತು. ನಮ್ಮ ವಿಷಯದಲ್ಲಿ ಈ ದೋಷ ಇನ್ನೂ ನೇರ. ಅಪರಿಚಿತ ಕೋರಿಕೆಗೆ ತಾನಾಗಿ ಮುಂದೆ ಬಂದು ಉತ್ತರಿಸುವವರು, ಬಹುಶಃ, ಅಧ್ಯಾಪಕರ ಮೇಜಿನ ಬಳಿಗೆ ತಾನಾಗಿ ಹೋಗುವವರೇ.

ಅವಳ ಎರಡನೇ ಸಲಹೆ ಒಂಬತ್ತು ತರಗತಿಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿ ಕೂತ ಎಲ್ಲರಿಗೂ ಪ್ರಶ್ನಾವಳಿ ಕೊಡುವುದು. ತರಗತಿಗೆ 40 ಮಂದಿ ಸಿಕ್ಕರೂ 360 ಆಗುತ್ತದೆ, ಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ. ಇದು ಗೂಗಲ್ ಫಾರ್ಮಿಗಿಂತ ಎಷ್ಟೋ ಮೇಲು. ಆದರೆ ಒಂದೇ ತರಗತಿಯವರಿಗೆ ಅಧ್ಯಾಪಕರೂ ಅವರೇ, ವಾತಾವರಣವೂ ಅದೇ, ಹಾಗಾಗಿ ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆ ತೀರಾ ಅಲ್ಪ, 0.02ರಷ್ಟು ಮಾತ್ರ ಎಂದಿಟ್ಟುಕೊಂಡರೂ 40ರ ಗುಂಪಿನಲ್ಲಿ ಅದರ ಪರಿಣಾಮ 1.78 ಪಟ್ಟಾಗುತ್ತದೆ (1 + 39 × 0.02), ಅಂದರೆ 360 ಉತ್ತರಗಳ ತೂಕ ಸುಮಾರು 200 ಸ್ವತಂತ್ರ ಉತ್ತರಗಳಷ್ಟೇ. ಅದರ ಬದಲು 24 ತರಗತಿಗಳಿಂದಲೂ ಹಾಜರಿಪಟ್ಟಿಯ ಕ್ರಮಸಂಖ್ಯೆಗಳಲ್ಲಿ ಯಾದೃಚ್ಛಿಕವಾಗಿ ತಲಾ 13 ಮಂದಿಯನ್ನು ಆರಿಸಿದರೆ ಒಟ್ಟು 312 ಮಂದಿ. ಅದೇ ಲೆಕ್ಕದಲ್ಲಿ ಅವರ ತೂಕ 250ರಷ್ಟು. ಕಡಿಮೆ ಜನ, ಹೆಚ್ಚು ಮಾಹಿತಿ. ಓಡಾಟ ಮಾತ್ರ ಹೆಚ್ಚು. ಇಬ್ಬರೂ ಕಾಗದದ ಮೇಲೆ ಈ ಲೆಕ್ಕ ಮಾಡಿ ನೋಡಿದ ನಂತರ ಆಕೆ ಓಡಾಟಕ್ಕೆ ಒಪ್ಪಿದಳು. ಒಟ್ಟು ವಿದ್ಯಾರ್ಥಿಗಳಲ್ಲಿ ಮೂರನೇ ಒಂದು ಭಾಗ ಮೊದಲ ತಲೆಮಾರಿನವರಾದರೆ ಗುಂಪುಗಳು 104 ಮತ್ತು 208 ಆಗುತ್ತವೆ. ಶೇಕಡಾ 20ರಷ್ಟು ಅಂತರ ಹಿಡಿಯಲು ಅದು ಸಾಕು. ಸಂದೇಹವಿಲ್ಲ ಎಂದು ಹೇಳಿ ಹೊರಗುಳಿಯುವವರು ಹೆಚ್ಚಾದರೆ ಲೆಕ್ಕ ಬಿಗಿಯಾಗುತ್ತದೆ, ಭಾಷೆಯ ಕೋಷ್ಟಕದಲ್ಲಂತೂ ಮನೆಗಳು ತೆಳುವಾಗುತ್ತವೆ. ಆ ಕೋಷ್ಟಕದಿಂದ ತೀರ್ಮಾನ ಹೊರಡಿಸುವುದಿಲ್ಲ, ಒಲವು ಯಾವ ಕಡೆಗಿದೆ ಎಂದಷ್ಟೇ ಬರೆಯುವುದು ಎಂದು ಯೋಜನೆಯಲ್ಲಿ ಸೇರಿಸಿದೆವು.

ನೈತಿಕ ಅಂಶಗಳ ಪುಟ ಸಾಮಾನ್ಯವಾಗಿ ‘ಗೌಪ್ಯತೆಯನ್ನು ಕಾಪಾಡಲಾಗುವುದು’ ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮನುಷ್ಯರನ್ನು ಒಳಗೊಂಡ ಸಂಶೋಧನೆಯ ನೀತಿಯನ್ನು ಕುರಿತ, ಅಮೆರಿಕದ 1979ರ ಬೆಲ್ಮಾಂಟ್ ವರದಿ ಹೇಳುವ ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಆಕೆ ಚೆನ್ನಾಗಿಯೇ ಬರೆದಿದ್ದಳು. ಅವು ಈ ಅಧ್ಯಯನದಲ್ಲಿ ಎಲ್ಲಿ ತಾಗುತ್ತವೆ ಎಂಬುದನ್ನು ಬರೆದಿರಲಿಲ್ಲ. ತಾಗಿದ್ದು ನನಗೇ. ಉತ್ತರಿಸುವವರಲ್ಲಿ ಕೆಲವರಿಗೆ ನಾನು ಪಾಠ ಮಾಡುತ್ತೇನೆ, ‘ಅಧ್ಯಾಪಕರ ಬಳಿ ಏಕೆ ಹೋಗಲಿಲ್ಲ’ ಎಂಬುದಕ್ಕೆ ಬರಬಹುದಾದ ಉತ್ತರಗಳಲ್ಲಿ ನಾನೂ ಇದ್ದೇನೆ. ಹಾಗಾಗಿ ಭರ್ತಿಯಾದ ಹಾಳೆಗಳನ್ನು ನಾನು ನೋಡಬಾರದು, ಪ್ರಶ್ನಾವಳಿ ಹಂಚುವಾಗ ಯಾವ ಅಧ್ಯಾಪಕರೂ ಕೊಠಡಿಯಲ್ಲಿ ಇರಬಾರದು, ಹಾಳೆಗಳು ಮುಚ್ಚಿದ ಪೆಟ್ಟಿಗೆಗೆ ಬೀಳಬೇಕು ಎಂದು ನಿಗದಿಯಾಯಿತು. ಹೆಸರು ಇಲ್ಲದಿದ್ದರೆ ಸಾಕು ಎಂದುಕೊಳ್ಳುವುದೂ ತಪ್ಪೇ. ತರಗತಿ, ಲಿಂಗ, ತಾಯಿಯ ಶಿಕ್ಷಣ ಮೂರೂ ಒಂದೇ ಹಾಳೆಯಲ್ಲಿದ್ದರೆ ಸಣ್ಣ ತರಗತಿಯಲ್ಲಿ ಅದು ಯಾರದೆಂದು ಊಹಿಸುವುದು ಕಷ್ಟವಲ್ಲ. ಐದಕ್ಕಿಂತ ಕಡಿಮೆ ಮಂದಿ ಬೀಳುವ ಮನೆಗಳನ್ನು ಪ್ರಬಂಧದಲ್ಲಿ ಅಚ್ಚು ಹಾಕಬಾರದು ಎಂಬ ನಿಯಮವನ್ನು ಆಕೆಯೇ ಸೂಚಿಸಿದಳು.

ಇಪ್ಪತ್ತೈದು ಸಂದರ್ಶನಗಳನ್ನು ಉರುಳಿಸಿದ್ದು ಗಡಿಯಾರ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ಹೊಸಬರಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಇಪ್ಪತ್ತೈದಕ್ಕೆ ನೂರು ಗಂಟೆಗೂ ಹೆಚ್ಚು, ಅದೂ ಒಂದು ಸಾಲು ವಿಶ್ಲೇಷಣೆ ಮಾಡುವ ಮೊದಲು. ಸಲ್ಲಿಕೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದಾಗ, ಮೂಲ ವೇಳಾಪಟ್ಟಿಯಲ್ಲಿ ವಿಶ್ಲೇಷಣೆಗೂ ಬರವಣಿಗೆಗೂ ಸೇರಿ ಎರಡೇ ವಾರ ಉಳಿದಿರುವುದು ಕಂಡಿತು, ನಡುವೆ ಪದವಿ ವಿಭಾಗದ ಪರೀಕ್ಷೆಗಳೂ ಇದ್ದವು. ಸಂದರ್ಶನಗಳು ಎಂಟಕ್ಕೆ ಇಳಿದವು, ಪ್ರಶ್ನಾವಳಿಯ ನಂತರಕ್ಕೆ ಹೋದವು. ಸಂದೇಹವಿದ್ದೂ ‘ಏನೂ ಮಾಡಲಿಲ್ಲ’ ಎಂದವರಲ್ಲಿ, ಮಾತನಾಡಲು ಒಪ್ಪಿ ಬೇರೆ ಚೀಟಿಯಲ್ಲಿ ಸಂಪರ್ಕ ಬರೆದುಕೊಟ್ಟವರ ಜೊತೆ ಮಾತ್ರ ಸಂದರ್ಶನ. ಕಾಲೇಜಿನ ಮುಖ್ಯಸ್ಥರ ಅನುಮತಿಗೆ ಎರಡು ವಾರ ಬಿಟ್ಟೆವು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನಾಲ್ಕನೇ ವಾರದ ಪೂರ್ವಪರೀಕ್ಷೆ ಹತ್ತು ಮಂದಿಯೊಂದಿಗೆ ನಡೆಯಿತು. ಇವರನ್ನು ಮುಖ್ಯ ಮಾದರಿಯಿಂದ ಹೊರಗಿಟ್ಟೆವು. ಹಾಳೆ ತುಂಬಿಸಿಕೊಂಡು ಬರುವ ಬದಲು, ಪ್ರತಿ ಪ್ರಶ್ನೆಯನ್ನು ಓದಿ ತಮಗೆ ಏನು ಅರ್ಥವಾಯಿತೆಂದು ಗಟ್ಟಿಯಾಗಿ ಹೇಳಲು ಕೇಳುವ ಕ್ರಮ ಅನುಸರಿಸಿದಳು. ‘ಅಧ್ಯಾಪಕರನ್ನು ಭೇಟಿ ಮಾಡಿದಿರಾ’ ಎಂಬುದಕ್ಕೆ ಕೆಲವರು ಕಾರಿಡಾರಿನಲ್ಲಿ ಎದುರಾಗಿ ನಮಸ್ಕಾರ ಹೇಳಿದ್ದನ್ನೂ ಎಣಿಸಿದ್ದರು, ಇನ್ನು ಕೆಲವರು ಮೊಬೈಲಿನಲ್ಲಿ ಸಂದೇಶ ಕಳಿಸಿ ಉತ್ತರ ಪಡೆದದ್ದನ್ನು ಬಿಟ್ಟಿದ್ದರು. ‘ಅಧ್ಯಾಪಕರು ಸ್ನೇಹಪರರೂ ಸುಲಭವಾಗಿ ಸಿಗುವವರೂ ಆಗಿದ್ದಾರೆ’ ಎಂಬ ಹೇಳಿಕೆಯ ಮುಂದೆ ಒಬ್ಬರು ಪೆನ್ನು ಹಿಡಿದು ಕೂತೇಬಿಟ್ಟರಂತೆ, ಏಕೆಂದರೆ ಅವರು ಸ್ನೇಹಪರರು, ಆದರೆ ಸಿಗುವುದಿಲ್ಲ. ಒಂದರಲ್ಲಿ ಎರಡು ಪ್ರಶ್ನೆ ಕೂರಿಸಬಾರದೆಂಬುದು ಪಠ್ಯದಲ್ಲಿ ಓದಿದ್ದೇ, ನಾನೂ ಆ ಹಾಳೆಯನ್ನು ಎರಡು ಬಾರಿ ನೋಡಿ ದಾಟಿಸಿದ್ದೆ.

ಐದನೇ ವಾರ ಯೋಜನೆಗೆ ಒಪ್ಪಿಗೆಯ ಸಹಿ ಹಾಕಲು ಕೂತಾಗ ಒಂದು ಸಣ್ಣ ವಿಷಯ ಉಳಿದಿತ್ತು. ಆರಿಸಿದ 13 ಕ್ರಮಸಂಖ್ಯೆಗಳಲ್ಲಿ ಆ ದಿನ ಗೈರಾದವರ ಬದಲಿಗೆ ಹಾಜರಿದ್ದವರಲ್ಲಿ ಮುಂದಿನ ಸಂಖ್ಯೆಯವರನ್ನು ತೆಗೆದುಕೊಳ್ಳುವುದು ಎಂದು ಆಕೆ ಬರೆದಿದ್ದಳು. ಅನುಕೂಲದ ಏರ್ಪಾಡು, ತುಂಬಾ ಕಡೆ ನಡೆಯುವಂಥದ್ದು. ಆದರೆ ತರಗತಿಗೇ ಬಾರದವರು ಅಧ್ಯಾಪಕರ ಬಳಿ ಹೋಗಿರುವ ಸಂಭವ ಎಷ್ಟು? ಬದಲಿಯವರನ್ನು ತುಂಬಿಸಿದಷ್ಟೂ ಕೋಷ್ಟಕ ಭರ್ತಿಯಾಗಿ ಕಾಣುತ್ತದೆ, ಅಧ್ಯಯನ ಹುಡುಕಿಕೊಂಡು ಹೊರಟವರೇ ಅದರಿಂದ ಜಾರಿಹೋಗುತ್ತಾರೆ. ಆಕೆ ಆ ಸಾಲನ್ನು ಹೊಡೆದು, ಗೈರಾದವರಿಗಾಗಿ ಇನ್ನೆರಡು ಬಾರಿ ಬೇರೆಬೇರೆ ದಿನ ಹೋಗುವುದು, ಆಗಲೂ ಸಿಗದವರ ಜಾಗವನ್ನು ತುಂಬದೆ ಬಿಡುವುದು ಎಂದು ತಿದ್ದಿದಳು. ಆಮೇಲೆ ಮೊದಲ ಖಾಲಿ ಕೋಷ್ಟಕವನ್ನು ಹೊರತೆಗೆದು, ಅಳತೆಪಟ್ಟಿ ಇಟ್ಟು, ಎರಡು ಕಂಬಸಾಲುಗಳ ಬಲಕ್ಕೆ ಮೂರನೆಯದೊಂದನ್ನು ಎಳೆದಳು. ಅದರ ತಲೆಯ ಮೇಲೆ ‘ಆರಿಸಿದರೂ ಸಿಗದವರು’ ಎಂದು ಬರೆದಳು.